ಜಿನೀವಾದ ಪದ, ಲೈನ್ ಮನೆಯ ರಿಜಿಸ್ಟರ್

ಜನವರಿಯ ಒಂದು ಬೆಳಿಗ್ಗೆ. ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ. ರೋಬಸ್ಟಾ ಕೊಯ್ಲು ಜೋರಾಗಿತ್ತು. ತೋಟದ ಆಳುಗಳ ಲೈನ್ ಮನೆಗಳ ಸಾಲಿನಲ್ಲಿ ಒಬ್ಬ ಅಜ್ಜಿ, ಎರಡು ನಾಯಿ, ಆರಿದ ಒಲೆ. ಉಳಿದವರೆಲ್ಲ ತೋಟದೊಳಗೆ. ನನ್ನ ಜೊತೆ ಬಂದಿದ್ದ ಆಶಾ ಕಾರ್ಯಕರ್ತೆ ಜಗಲಿಯ ಮೇಲೆ ಕೂತು ರಿಜಿಸ್ಟರ್ ತೆಗೆದರು. ಒಂದೂವರೆ ವರ್ಷದ ಮಗುವೊಂದಕ್ಕೆ ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ಬಾಕಿ ಇತ್ತು. ಯಾಕೆ ಹಾಕಿಸಿಲ್ಲ ಅನ್ನುವುದಕ್ಕೆ ಆ ಪುಟದಲ್ಲಿ ಐದು ಕಾರಣ ಮುದ್ರಿಸಿದ್ದರು: ಮಾಹಿತಿ ಇಲ್ಲ, ಭಯ, ನಿರಾಕರಣೆ, ಊರಿನಲ್ಲಿಲ್ಲ, ಇತರೆ.

ಮಗುವಿನ ತಾಯಿಗೆ ಮಾಹಿತಿ ಇತ್ತು. ಭಯ ಇರಲಿಲ್ಲ, ಮೊದಲ ಡೋಸ್ ಅವಳೇ ಕರೆದುಕೊಂಡು ಹೋಗಿ ಹಾಕಿಸಿದ್ದಳು. ಬೇಡ ಅಂತ ಯಾವತ್ತೂ ಅಂದವಳಲ್ಲ. ಊರಿನಲ್ಲೂ ಇದ್ದಳು. ನಾವು ಕೂತಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಗಿಡದ ಬುಡಕ್ಕೆ ಚೀಲ ಹಾಸಿಕೊಂಡು ಹಣ್ಣು ಕೊಯ್ಯುತ್ತಿದ್ದಳು. ಕೊಯ್ಲಿನ ಕೂಲಿ ಕಿಲೋ ಲೆಕ್ಕ. ಲಸಿಕೆ ದಿನ ಬೆಳಿಗ್ಗೆ ಹತ್ತಕ್ಕೆ ಮಗುವನ್ನು ಎತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಅರ್ಧ ದಿನದ ದುಡ್ಡು ಹೋಗುತ್ತದೆ. ವಿಷಯ ಅಷ್ಟೇ.

"ಏನು ಬರೀತೀರಿ?" ಅಂತ ಕೇಳಿದೆ.

"ನಿರಾಕರಣೆ ಅಂತ ಹಾಕಿದ್ರೆ ಮೇಲಿಂದ ಫೋನ್ ಬರ್ತದೆ ಸಾರ್. ತಿಳಿವಳಿಕೆ ಕೊಡಿ, ಮನವೊಲಿಸಿ ಅಂತಾರೆ. ಊರಿನಲ್ಲಿಲ್ಲ ಅಂತ ಹಾಕಿದ್ರೆ ಯಾರೂ ಕೇಳೋದಿಲ್ಲ."

ಅವರು ‘ಊರಿನಲ್ಲಿಲ್ಲ’ಕ್ಕೆ ಟಿಕ್ ಹಾಕಿದರು.

ಆರೋಗ್ಯ ಕಾರ್ಯಕ್ರಮಗಳ ಕರಪತ್ರ, ತರಬೇತಿ ಪುಸ್ತಕಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಹಾಗಾಗಿ ಇಂಥ ಕಾಲಂಗಳು ಎಲ್ಲಿಂದ ಬರುತ್ತವೆ ಅಂತ ಸ್ವಲ್ಪ ಗೊತ್ತು. ಈ ಪುಟದ ಹಿಂದೆ ಇದ್ದದ್ದು ‘ವ್ಯಾಕ್ಸಿನ್ ಹೆಸಿಟೆನ್ಸಿ’ ಅನ್ನುವ ಪದ. ಕನ್ನಡದಲ್ಲಿ ‘ಲಸಿಕೆ ಹಿಂಜರಿಕೆ’ ಅಂತ ಬರೆಯುತ್ತೇವೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಆರೋಗ್ಯಕ್ಕಿರುವ ಹತ್ತು ಅಪಾಯಗಳ ಪಟ್ಟಿ ಹೊರಡಿಸಿದಾಗ ಇದೂ ಅದರಲ್ಲಿತ್ತು. ಅದಕ್ಕೂ ಮೊದಲು ಸಂಸ್ಥೆಯ ತಜ್ಞರ ಗುಂಪೊಂದು ಈ ಪದಕ್ಕೆ ಅರ್ಥ ಕಟ್ಟಿಕೊಟ್ಟಿತ್ತು: ಲಸಿಕೆ ಸೇವೆ ಲಭ್ಯವಿದ್ದರೂ ಅದನ್ನು ತಡ ಮಾಡುವುದು ಅಥವಾ ಬೇಡ ಎನ್ನುವುದು.

‘ಲಭ್ಯವಿದ್ದರೂ’ ಅನ್ನುವಲ್ಲಿ ಒಂದು ಕ್ಷಣ ನಿಲ್ಲಿ. ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಎರಡು ಕಿಲೋಮೀಟರ್ ಆಚೆ ಸಿಸ್ಟರ್ ಕೂತಿರುತ್ತಾರೆ. ಕಚೇರಿಯ ಲೆಕ್ಕದಲ್ಲಿ ಸೇವೆ ಲಭ್ಯ. ಕಿಲೋ ಲೆಕ್ಕದಲ್ಲಿ ದುಡಿಯುವವಳಿಗೆ ಅದೇ ಹೊತ್ತಿನಲ್ಲಿ ಅದು ಲಭ್ಯವಿಲ್ಲ. ಆ ತಜ್ಞರು ‘ಅನುಕೂಲ’ವನ್ನೂ ಒಂದು ಕಾರಣವಾಗಿ ಸೇರಿಸಿದ್ದರು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಪದ ಆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾದಿಂದ ಹೊರಟು ದೆಹಲಿ, ಬೆಂಗಳೂರು, ಮಡಿಕೇರಿ ದಾಟಿ ಈ ಜಗಲಿಗೆ ಬರುವಷ್ಟರಲ್ಲಿ ಆ ಭಾಗ ದಾರಿಯಲ್ಲೇ ಉದುರಿಹೋಗಿತ್ತು. ಉಳಿದದ್ದು ಹಿಂಜರಿಕೆ ಮಾತ್ರ. ಹಿಂಜರಿಕೆ ಇರುವುದು ಜನರ ತಲೆಯೊಳಗೆ, ಹಾಗಾಗಿ ಮದ್ದು ತಿಳಿವಳಿಕೆ. ಕೊಯ್ಲಿನ ಕಾಲದಲ್ಲಿ ಸಂಜೆ ಆರಕ್ಕೆ ತೋಟದ ಕಣದಲ್ಲೇ ಲಸಿಕೆ ಹಾಕಿದರೆ ಹೇಗೆ ಅನ್ನುವ ಯೋಚನೆ ಆ ಪದದ ಒಳಗಿಂದ ಹುಟ್ಟುವುದೇ ಇಲ್ಲ.

ಆರೋಗ್ಯ ನೀತಿಯಲ್ಲಿ ಅಧಿಕಾರ ಅಂದರೆ ನಮಗೆ ಮೊದಲು ನೆನಪಾಗುವುದು ಆದೇಶ, ಆಮೇಲೆ ದುಡ್ಡು. ಇವೆರಡೂ ಕಣ್ಣಿಗೆ ಕಾಣುತ್ತವೆ. ಆದೇಶ ಬಂದರೆ ಬೈಯಬಹುದು, ಅನುದಾನ ನಿಂತರೆ ಧರಣಿ ಕೂರಬಹುದು. ಪದ ಬಂದು ಕೂತಾಗ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಕಾಯಿಲೆ ಯಾವುದು, ತಪ್ಪು ಯಾರದು, ಯಾರು ಯಾರ ಬಳಿಗೆ ನಡೆದು ಹೋಗಬೇಕು ಅನ್ನುವುದನ್ನು ಅದು ಸದ್ದಿಲ್ಲದೆ ತೀರ್ಮಾನಿಸಿಬಿಟ್ಟಿರುತ್ತದೆ. ಆಮೇಲೆ ನಾವೆಲ್ಲ ಸೇರಿ ಪರಿಹಾರದ ಬಗ್ಗೆ ಚರ್ಚೆ ಮಾಡುತ್ತೇವೆ.

‘ತಲುಪಲು ಕಷ್ಟವಾದ ಪ್ರದೇಶ’ ಅನ್ನುವುದನ್ನೇ ನೋಡಿ. ನಾನೇ ಇದನ್ನು ಎಷ್ಟೋ ಸಲ ಅನುವಾದ ಮಾಡಿದ್ದೇನೆ. ನಾಗರಹೊಳೆ ಕಾಡಿನ ಅಂಚಿನ ಹಾಡಿಗಳು, ಅಂದರೆ ಆದಿವಾಸಿಗಳ ವಸತಿಗಳು, ಆರೋಗ್ಯದ ಪಟ್ಟಿಗಳಲ್ಲಿ ಈ ಹೆಸರಿನ ಕೆಳಗೆ ಬರುತ್ತವೆ. ಯಾರಿಗೆ ಕಷ್ಟ ಅನ್ನುವುದು ಪದದಲ್ಲಿಲ್ಲ. ತೋಟದ ಜೀಪು ದಿನಾ ಬೆಳಿಗ್ಗೆ ಹಾಡಿಗೆ ಹೋಗಿ ಆಳುಗಳನ್ನು ತುಂಬಿಕೊಂಡು ಬರುತ್ತದೆ. ಚುನಾವಣೆ ಬಂದರೆ ಮತಯಂತ್ರವೂ ಹೋಗುತ್ತದೆ. ಆರೋಗ್ಯದ ಗಾಡಿಗೆ ಮಾತ್ರ ಹಾದಿ ಕಷ್ಟ. ಹಾಡಿಯ ಹೊಸಿಲಲ್ಲಿ ನಿಂತು ನೋಡಿದರೆ ತಲುಪಲು ಕಷ್ಟವಾದ ಪ್ರದೇಶ ಆಸ್ಪತ್ರೆ. ಎರಡೂ ಒಂದೇ ದಾರಿ, ಒಂದೇ ದೂರ. ಆದರೆ ಒಂದು ಬದಿಯಿಂದ ಅಳೆದದ್ದು ಮಾತ್ರ ನೀತಿಯ ಭಾಷೆಯಾಯಿತು.

ಈ ಹಾಡಿಗಳ ಜೇನು ಕುರುಬರಿಗೆ ಸರಕಾರದ ಕಾಗದದಲ್ಲಿ ಇನ್ನೊಂದು ಹೆಸರೂ ಇದೆ. ಮೊದಲು ‘ಆದಿಮ ಬುಡಕಟ್ಟು’ ಅನ್ನುತ್ತಿದ್ದರು. ಆ ಪದ ಅವಮಾನ ಅನ್ನಿಸಿ 2006ರಲ್ಲಿ ‘ವಿಶೇಷವಾಗಿ ದುರ್ಬಲವಾದ ಬುಡಕಟ್ಟು’ ಅಂತ ಬದಲಾಯಿತು. ಕರ್ನಾಟಕದಲ್ಲಿ ಈ ಪಟ್ಟಿಯಲ್ಲಿ ಇರುವವರು ಜೇನು ಕುರುಬರು ಮತ್ತು ಕೊರಗರು. ಬದಲಾವಣೆ ಒಳ್ಳೆಯದೇ. ಆದರೂ ‘ದುರ್ಬಲ’ ಅನ್ನುವುದು ಹುಟ್ಟುಗುಣದ ಹಾಗೆ ಕೇಳುತ್ತದೆ, ಅಲ್ವಾ? ಕಾಡಿನಿಂದ ಹೊರಗೆ ಹಾಕಿದ್ದು, 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಗುಡಿಸಲಿನಿಂದ ಎಬ್ಬಿಸಿದ್ದು, ಇವೆಲ್ಲ ಯಾರೋ ಮಾಡಿದ ಕೆಲಸಗಳು. ಪದದೊಳಗೆ ಮಾಡಿದವರು ಕಾಣುವುದಿಲ್ಲ. ದುರ್ಬಲರು ಅಂತ ಇದ್ದಾರೆ, ಅವರಿಗೆ ಪೌಷ್ಟಿಕ ಆಹಾರದ ಕಿಟ್ ಕೊಡುತ್ತೇವೆ, ಅಷ್ಟೇ ಕಥೆ.

ಇನ್ನು ನನ್ನ ಕಸುಬಿನ ಪಾಡು. ಇಂಗ್ಲಿಷಿನಲ್ಲಿ ಒಂದು ಪದವನ್ನು ತಿದ್ದಿದರೆ ಕನ್ನಡದಲ್ಲೂ ಅದು ತಿದ್ದಿಕೊಳ್ಳುತ್ತದೆ ಅಂತ ಮೇಲಿನವರು ನಂಬಿರುತ್ತಾರೆ. ಹಾಗೆ ಆಗುವುದಿಲ್ಲ. ಟಿಬಿ ಔಷಧಿಯನ್ನು ಮಧ್ಯದಲ್ಲಿ ನಿಲ್ಲಿಸಿದವರನ್ನು ಹಿಂದೆ ‘ಡಿಫಾಲ್ಟರ್’ ಅನ್ನುತ್ತಿದ್ದರು. ಕೊಡಗಿನಲ್ಲಿ ಈ ಪದ ಯಾರಿಗೂ ಹೊಸದಲ್ಲ. ಕಾಫಿ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಸೊಸೈಟಿ ಸಾಲ ಕಟ್ಟಲಾಗದವರ ಹೆಸರು ನೋಟಿಸ್ ಬೋರ್ಡಿನಲ್ಲಿ ಹತ್ತುತ್ತಿದ್ದದ್ದೂ ಇದೇ ಪದದ ಕೆಳಗೆ. ಅಂದರೆ ಟಿಬಿ ರೋಗಿ ಆರೋಗ್ಯ ಇಲಾಖೆಗೆ ಏನೋ ಬಾಕಿ ಉಳಿಸಿಕೊಂಡವನು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಬಿಟ್ಟು ‘ಲಾಸ್ಟ್ ಟು ಫಾಲೋ-ಅಪ್’ ಅಂತ ಬದಲಿಸಿತು. ಶಂಕಿತ ರೋಗಿ ಅನ್ನುವ ‘ಟಿಬಿ ಸಸ್ಪೆಕ್ಟ್’ ಕೂಡ ಆಗಲೇ ಹೋಯಿತು, ಪೊಲೀಸ್ ಠಾಣೆಯ ವಾಸನೆ ಇತ್ತು ಅಂತ. ಹೊಸ ಪದದಲ್ಲಿ ತಪ್ಪು ರೋಗಿಯ ಮೇಲಿಲ್ಲ. ವ್ಯವಸ್ಥೆಯ ಕೈಯಿಂದ ತಪ್ಪಿಹೋದವರು ಅಂತ ಅರ್ಥ ಮಾಡಿಕೊಳ್ಳಬಹುದು. ಕನ್ನಡಕ್ಕೆ ಬಂದಾಗ? ‘ಚಿಕಿತ್ಸೆ ಬಿಟ್ಟವರು.’ ಬಿಟ್ಟವರು ಯಾರು? ರೋಗಿಯೇ. ಜಿನೀವಾದಲ್ಲಿ ಇಳಿಸಿದ ಭಾರವನ್ನು ನಾವು ಒಂದು ಕ್ರಿಯಾಪದದಲ್ಲಿ ಮತ್ತೆ ಅವನ ಹೆಗಲಿಗೆ ಏರಿಸಿದೆವು. ಒಮ್ಮೆ ನಾನು ‘ನಮ್ಮ ಸಂಪರ್ಕ ತಪ್ಪಿದವರು’ ಅಂತ ಬರೆದು ಕಳಿಸಿದ್ದೆ. ಫಾರಂನ ಹಳೆಯ ಪದದ ಜೊತೆ ಹೊಂದುವುದಿಲ್ಲ ಅಂತ ಹೊಡೆದುಹಾಕಿದರು.

2020ರ ಮಾರ್ಚ್ ಎಲ್ಲರಿಗೂ ನೆನಪಿರುತ್ತದೆ. ‘ಸೋಷಿಯಲ್ ಡಿಸ್ಟೆನ್ಸಿಂಗ್’ ಬಂತು, ರಾತ್ರೋರಾತ್ರಿ ‘ಸಾಮಾಜಿಕ ಅಂತರ’ ಆಯಿತು. ಜಾತಿಯ ಕಾರಣಕ್ಕೆ ದೂರ ನಿಲ್ಲಿಸಿಕೊಂಡವರ ನಾಡಿನಲ್ಲಿ ಆ ಎರಡು ಪದ ಒಟ್ಟಿಗೆ ಏನು ಹೇಳುತ್ತವೆ ಅಂತ ಆಗ ಯಾರಿಗೂ ಯೋಚಿಸಲು ಪುರುಸೊತ್ತಿರಲಿಲ್ಲ. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ ‘ದೈಹಿಕ ಅಂತರ’ ಅನ್ನೋಣ ಅಂತ ಹೇಳಿತು. ನಮ್ಮಲ್ಲಿ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಬರೆಸಿದ್ದು ಬರೆಸಿದ್ದೇ. ಒಂದು ಕೋಣೆ, ಒಂದು ಅಡುಗೆ ಮೂಲೆ, ಅದರಲ್ಲಿ ಆರು ಜನ ಇರುವ ಲೈನ್ ಮನೆಗೆ ಆ ಭಿತ್ತಿಪತ್ರವನ್ನು ಅಂಟಿಸಿ ಬಂದವರಲ್ಲಿ ನಾನೂ ಒಬ್ಬ.

‘ನಿರ್ಮೂಲನೆ’ಯ ಕಥೆ ಇನ್ನೂ ತೊಡಕಿನದು. ಆರೋಗ್ಯದ ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಬೇರೆ ಪದಗಳಿವೆ. ‘ಇರಾಡಿಕೇಶನ್’ ಅಂದರೆ ಭೂಮಿಯ ಮೇಲೆ ಎಲ್ಲೂ ಉಳಿಯದ ಹಾಗೆ ಮುಗಿಸುವುದು. ಮನುಷ್ಯರ ಕಾಯಿಲೆಗಳಲ್ಲಿ ಹಾಗೆ ಮುಗಿದದ್ದು ಸಿಡುಬು ಒಂದೇ, 1980ರಲ್ಲಿ ಘೋಷಣೆಯಾಯಿತು. ‘ಎಲಿಮಿನೇಶನ್’ ಅಂದರೆ ಒಂದು ಪ್ರದೇಶದಲ್ಲಿ ಸೊನ್ನೆಗೆ, ಇಲ್ಲವೇ ಒಂದು ಗೊತ್ತಾದ ಮಿತಿಗಿಂತ ಕೆಳಕ್ಕೆ ಇಳಿಸುವುದು. ಕನ್ನಡದಲ್ಲಿ ಎರಡಕ್ಕೂ ನಿರ್ಮೂಲನೆ. ಬೇರು ಸಮೇತ ಕೀಳುವುದು. 2020ರಲ್ಲಿ ದೇಶದ ಟಿಬಿ ಕಾರ್ಯಕ್ರಮದ ಹೆಸರಿಗೆ ಈ ಪದ ಸೇರಿತು, 2025ರ ಗಡುವೂ ಇತ್ತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇನ್ನೂ ನಮ್ಮ ದೇಶದಲ್ಲೇ ಇದ್ದಾರೆ. ಗುರಿ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ‘ನಿರ್ಮೂಲನೆ’ ಅಂತ ಬೋರ್ಡ್ ಹಾಕಿದ ಮೇಲೆ ಹೊಸ ರೋಗಿ ಸಿಕ್ಕರೆ ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ? ಹುಡುಕಿ ಪತ್ತೆ ಮಾಡಿದ ಕಾರ್ಯಕರ್ತೆಗೆ ಶಹಬ್ಬಾಸ್ ಸಿಗಬೇಕು. ಸಿಗುವುದು ಒಮ್ಮೊಮ್ಮೆ ಬೇರೆಯೇ.

ಇದೇ ಪದ ಹಾಡಿಗಳಿಗೆ ಇನ್ನೊಂದು ರೂಪದಲ್ಲಿ ಬಂದಿದೆ. 2023ರ ಜುಲೈ 1ರಂದು ಶುರುವಾದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ, ಹಾಡಿಯ ಬಾಯಲ್ಲಿ ‘ಸಿಕಲ್ ಸೆಲ್’. 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ಕ್ಕೆ ನಿರ್ಮೂಲನೆ. ಕರ್ನಾಟಕವೂ ಪಟ್ಟಿಯಲ್ಲಿದೆ. ಪರೀಕ್ಷೆ ಬೇಕೇ ಬೇಕು. ನೋವಿನಲ್ಲಿ ಒದ್ದಾಡುವ ಮಕ್ಕಳಿಗೆ ಎಷ್ಟೋ ವರ್ಷ ಕಾಯಿಲೆಯ ಹೆಸರೇ ಗೊತ್ತಿರುತ್ತಿರಲಿಲ್ಲ. ಆದರೆ ಇದು ಸೊಳ್ಳೆಯಿಂದ ಬರುವುದಲ್ಲ, ನೀರಿನಿಂದ ಬರುವುದಲ್ಲ. ತಂದೆತಾಯಿಯಿಂದ ಬರುವುದು. ಇಬ್ಬರಲ್ಲೂ ಒಂದೊಂದು ಬದಲಾದ ಜೀನ್ ಇದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬದಲಾದ ಜೀನಿನ ಒಂದೇ ಪ್ರತಿ ಇದ್ದವರು ವಾಹಕರು, ರೋಗಿಗಳಲ್ಲ. ಅಷ್ಟೇ ಅಲ್ಲ, ಅವರನ್ನು ಅದು ಮಾರಕ ಮಲೇರಿಯಾದಿಂದ ಬಹುಮಟ್ಟಿಗೆ ಕಾಪಾಡುತ್ತದೆ. ಮಲೇರಿಯಾದ ಕಾಡುಗಳಲ್ಲಿ ತಲೆಮಾರುಗಳ ಕಾಲ ಬದುಕಿದ ಜನರಲ್ಲಿ ಅದು ಉಳಿದದ್ದೇ ಹಾಗೆ.

ಇಂಥದ್ದನ್ನು ನಿರ್ಮೂಲನೆ ಮಾಡುವುದು ಅಂದರೆ ಏನನ್ನು? ರಕ್ತದೊಳಗೆ ಇರುವುದನ್ನಾ, ಹುಟ್ಟಬಹುದಾದ ಮಕ್ಕಳನ್ನಾ? ಅಭಿಯಾನದ ಕಾಗದದಲ್ಲಿ ಚಿಕಿತ್ಸೆಯೂ ಇದೆ, ನಿಜ. ಆದರೆ ಹೆಸರಿನಲ್ಲಿರುವ ಪದ ಕೆಲಸವನ್ನು ತನ್ನ ಕಡೆಗೆ ಎಳೆಯುತ್ತದೆ. ಎಷ್ಟು ಜನರ ರಕ್ತ ತೆಗೆದಿರಿ, ಎಷ್ಟು ಕಾರ್ಡ್ ಹಂಚಿದಿರಿ ಅನ್ನುವುದು ಮೊದಲ ಪ್ರಶ್ನೆಯಾಗುತ್ತದೆ. ಮದುವೆಗೆ ಮುಂಚೆ ಕಾರ್ಡ್ ಹೊಂದಿಸಿ ನೋಡಿ ಅನ್ನುವ ಸಲಹೆ ಬರುತ್ತದೆ, ಜಾತಕದ ಹಾಗೆ. ಇರುವ ಮಗುವಿಗೆ ನೋವಿನ ಕಾಟ ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಪ್ರತಿ ತಿಂಗಳು ಸಿಗುತ್ತಿದೆಯಾ ಅನ್ನುವುದು ಎರಡನೇ ಪುಟಕ್ಕೆ ಹೋಗುತ್ತದೆ. ‘ಸಿಕಲ್ ಸೆಲ್ ಆರೈಕೆ ಅಭಿಯಾನ’ ಅಂತ ಹೆಸರಿಟ್ಟಿದ್ದರೆ? ಇದೇ ದುಡ್ಡು, ಇದೇ ಜನ, ಕೇಳುವ ಪ್ರಶ್ನೆ ಬೇರೆಯಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದರೆ ಇಂಥ ಪದಗಳಿಗೆ ಒಂದು ವಂಶಾವಳಿ ಇದೆ. 1978ರ ಸೆಪ್ಟೆಂಬರಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ-ಅಟಾ ಪಟ್ಟಣದಲ್ಲಿ 134 ದೇಶಗಳು ಸೇರಿ ‘2000ನೇ ಇಸವಿಗೆ ಎಲ್ಲರಿಗೂ ಆರೋಗ್ಯ’ ಅಂತ ಒಪ್ಪಿದವು. ದಾರಿ: ಪ್ರೈಮರಿ ಹೆಲ್ತ್ ಕೇರ್. ಅಲ್ಲಿ ‘ಪ್ರೈಮರಿ’ ಅಂದರೆ ಮೂಲ, ಬುನಾದಿ. ಅನ್ನ, ಕುಡಿಯುವ ನೀರು, ಕಕ್ಕಸು ಎಲ್ಲ ಅದರೊಳಗಿತ್ತು. ನಮ್ಮಲ್ಲಿ ಅದು ‘ಪ್ರಾಥಮಿಕ’. ಪ್ರಾಥಮಿಕ ಶಾಲೆಯ ಪ್ರಾಥಮಿಕ. ಚಿಕ್ಕದು, ದಾಟಿ ಮುಂದೆ ಹೋಗಬೇಕಾದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರ ಅಂದರೆ ಜನರಿಗೆ ಇವತ್ತಿಗೂ ‘ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳುವ ಜಾಗ’.

ಅಲ್ಮಾ-ಅಟಾ ಆದ ಮರುವರ್ಷವೇ, 1979ರಲ್ಲಿ, ಅಮೆರಿಕದ ಇಬ್ಬರು ಸಂಶೋಧಕರು ಒಂದು ವಿಶೇಷಣ ಸೇರಿಸಿದರು: ‘ಸೆಲೆಕ್ಟಿವ್’. ಎಲ್ಲ ಮಾಡಲು ದುಡ್ಡಿಲ್ಲ, ಸದ್ಯಕ್ಕೆ ಕಡಿಮೆ ಖರ್ಚಿನಲ್ಲಿ ಜಾಸ್ತಿ ಜೀವ ಉಳಿಸುವ ಕೆಲವನ್ನು ಆರಿಸೋಣ ಅಂತ. ಯುನಿಸೆಫ್ ಅದನ್ನು ಮಕ್ಕಳ ತೂಕ ನೋಡುವುದು, ಓಆರ್‌ಎಸ್, ಎದೆಹಾಲು, ಲಸಿಕೆ ಅಂತ ನಾಲ್ಕಕ್ಕೆ ಇಳಿಸಿತು. ಓಆರ್‌ಎಸ್ ಪೊಟ್ಟಣ ಎಷ್ಟು ಮಕ್ಕಳನ್ನು ಉಳಿಸಿದೆ ಅಂತ ಗೊತ್ತಿರುವವರು ಅದನ್ನು ಹಗುರವಾಗಿ ಆಡುವುದಿಲ್ಲ. ಆದರೆ ಭೇದಿ ತರುವ ನೀರಿನ ಪ್ರಶ್ನೆ ಮೆಲ್ಲಗೆ ಮೇಜಿನಿಂದ ಕೆಳಗೆ ಜಾರಿತು. ಒಂದೇ ಒಂದು ವಿಶೇಷಣ ಮಾಡಿದ ಕೆಲಸ ಅದು. 1993ರಲ್ಲಿ ವಿಶ್ವ ಬ್ಯಾಂಕ್ ವರದಿ ಬಂತು, ಅದರಲ್ಲಿ ಆರೋಗ್ಯ ‘ಹೂಡಿಕೆ’. ಅದರ ಜೊತೆಗೇ ಕಾಯಿಲೆಯ ಹೊರೆಯನ್ನು ಅಳೆಯುವ ಹೊಸ ತಕ್ಕಡಿ, ‘ಡಾಲಿ’. ಬೇಗ ಸತ್ತು ಕಳೆದುಕೊಂಡ ವರ್ಷ, ಕಾಯಿಲೆಯಲ್ಲಿ ನರಳಿದ ವರ್ಷ ಎರಡನ್ನೂ ಕೂಡಿಸಿ ಒಂದು ಸಂಖ್ಯೆ. ಮೊದಲ ಆವೃತ್ತಿಯಲ್ಲಿ ಇಪ್ಪತ್ತೈದರ ಆಸುಪಾಸಿನವರ ಒಂದು ವರ್ಷಕ್ಕೆ ಮಗುವಿನ ಅಥವಾ ಮುದುಕರ ಒಂದು ವರ್ಷಕ್ಕಿಂತ ಜಾಸ್ತಿ ತೂಕ ಕೊಟ್ಟಿದ್ದರು. ಟೀಕೆ ಬಂದು, 2010ರ ಲೆಕ್ಕದ ಹೊತ್ತಿಗೆ ಅದನ್ನು ಕೈಬಿಟ್ಟರು. ಅಂದರೆ ಅಷ್ಟು ವರ್ಷ ತಕ್ಕಡಿಯಲ್ಲೇ ಒಂದು ಅಭಿಪ್ರಾಯ ಕೂತಿತ್ತು, ಮುಳ್ಳು ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಆಮೇಲೆ ಬಂದದ್ದು ‘ಕವರೇಜ್’, ಅಂದರೆ ವ್ಯಾಪ್ತಿಯೊಳಗೆ ತರುವುದು. 2012ರಲ್ಲಿ ವಿಶ್ವಸಂಸ್ಥೆ ಎಲ್ಲರಿಗೂ ಆರೋಗ್ಯ ‘ಕವರೇಜ್’ ಅಂತ ನಿರ್ಣಯ ಮಾಡಿತು, 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಅದೇ. ‘ಕೇರ್’ ಹೋಗಿ ‘ಕವರೇಜ್’ ಬಂದಾಗ ಏನು ಬದಲಾಯಿತು ಅನ್ನುವುದು ಕೊಡಗಿನವರಿಗೆ 2018ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಕಾಣಿಸಿತು. ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳು ವಾರಗಟ್ಟಲೆ ಕೈಗೆ ಸಿಗದಾದವು. ಸೆಪ್ಟೆಂಬರ್ 23ಕ್ಕೆ ಆಯುಷ್ಮಾನ್ ಭಾರತ್ ವಿಮೆ ಶುರುವಾಯಿತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕಾರ್ಡ್ ಜೇಬಿನಲ್ಲಿ, ರಸ್ತೆ ಕಣಿವೆಯಲ್ಲಿ. ಕಾರ್ಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ. ರೈಲೇ ಇಲ್ಲದ, ದೊಡ್ಡ ಕಾಯಿಲೆಗೆ ಮೈಸೂರು ಇಲ್ಲವೇ ಮಂಗಳೂರು ಅನ್ನುವ ಜಿಲ್ಲೆಯಲ್ಲಿ ‘ನೀವು ಕವರ್ ಆಗಿದ್ದೀರಿ’ ಅನ್ನುವ ಮಾತಿಗೆ ಅರ್ಧ ಅರ್ಥ ಮಾತ್ರ ಅಂತ ಹೇಳುತ್ತಿದ್ದೇನೆ. ಇನ್ನೊಂದು ವಿಚಿತ್ರ: ಆರೋಗ್ಯಕ್ಕೆ ವಿಪರೀತ ಖರ್ಚು ಮಾಡಿದ ಕುಟುಂಬಗಳನ್ನು ಎಣಿಸುವ ಅಳತೆಯೊಂದಿದೆ. ದುಡ್ಡಿಲ್ಲ ಅಂತ ಆಸ್ಪತ್ರೆಗೇ ಹೋಗದವರು ಅದರಲ್ಲಿ ಬರುವುದಿಲ್ಲ. ಅವರ ಖರ್ಚು ಸೊನ್ನೆ.

ಪದದ ಶಕ್ತಿ ಎರಡೂ ಕಡೆ ಹರಿಯುತ್ತದೆ ಅನ್ನುವುದಕ್ಕೆ ಹಾವು ಕಡಿತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2000ನೇ ಇಸವಿಯ, ವಿಶ್ವಸಂಸ್ಥೆಯ ಸಹಸ್ರಮಾನದ ಗುರಿಗಳಲ್ಲಿ ಆರನೆಯದು: ಎಚ್‌ಐವಿ/ಏಡ್ಸ್, ಮಲೇರಿಯಾ ‘ಮತ್ತು ಇತರೆ ಕಾಯಿಲೆಗಳು’. ಆ ‘ಇತರೆ’ಯಲ್ಲಿ ಸಿಕ್ಕಿಹಾಕಿಕೊಂಡವುಗಳನ್ನು ಹೊರತೆಗೆಯಲು ಕೆಲವು ವಿಜ್ಞಾನಿಗಳು ‘ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳು’ ಅನ್ನುವ ಹೆಸರು ಚಾಲ್ತಿಗೆ ತಂದರು. ಜುಲೈ ಮಳೆಯಲ್ಲಿ ಸ್ವೆಟರ್ ಹಾಕಿಕೊಂಡು ಮಡಿಕೇರಿಯಲ್ಲಿ ಕೂತು ‘ಉಷ್ಣವಲಯ’ ಅಂತ ಟೈಪ್ ಮಾಡುವುದು ತಮಾಷೆಯೇ. ಆ ಪದ ನಮ್ಮ ಹವಾಮಾನ ನೋಡಿ ಬಂದದ್ದಲ್ಲ. 1898-99ರಲ್ಲಿ ಲಿವರ್‌ಪೂಲ್ ಮತ್ತು ಲಂಡನ್ನಿನಲ್ಲಿ ಉಷ್ಣವಲಯದ ವೈದ್ಯಕೀಯ ಶಾಲೆಗಳು ಶುರುವಾದದ್ದು ವಸಾಹತುಗಳಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಕೊಡಗಿನ ಕಾಫಿ ಪ್ಲಾಂಟರುಗಳೂ ಆ ಜಗತ್ತಿನವರೇ.

ಹೆಸರಿಗೆ ತಕ್ಕ ಕೆಲಸ ಆಯಿತು. ‘ನಿರ್ಲಕ್ಷಿತ’ ಅಂತ ಕೂಗಿದ್ದಕ್ಕೆ ಜನ ತಿರುಗಿ ನೋಡಿದರು. 2017ರ ಜೂನ್‌ನಲ್ಲಿ ಹಾವು ಕಡಿತ ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿತು. 2030ಕ್ಕೆ ಸಾವು ಅರ್ಧಕ್ಕೆ ಇಳಿಯಬೇಕು ಅಂತ ಗುರಿ ಬಂತು. ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ, ವರ್ಷಕ್ಕೆ ಸರಾಸರಿ 58 ಸಾವಿರ ಅಂತ 2020ರಲ್ಲಿ ಒಂದು ಅಧ್ಯಯನ ಅಂದಾಜು ಮಾಡಿತು. ಆಸ್ಪತ್ರೆಗಳ ಸರಕಾರಿ ಲೆಕ್ಕ ಅದರ ಹತ್ತಿರವೂ ಬರುತ್ತಿರಲಿಲ್ಲ. ಸತ್ತವರಲ್ಲಿ ಬಹಳ ಜನ ಹಳ್ಳಿಯವರು, ಮನೆಯಲ್ಲೇ ಸತ್ತವರು. ಮನೆಯಲ್ಲಿ ಸತ್ತರೆ ಅದು ‘ವಿಧಿ’, ಆಸ್ಪತ್ರೆಯಲ್ಲಿ ಸತ್ತರೆ ‘ಪ್ರಕರಣ’. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಮರುತಿಂಗಳು ಕೇಂದ್ರದ ಕ್ರಿಯಾ ಯೋಜನೆ ಬಂತು. ಒಂದು ಹೆಸರು ಇಷ್ಟು ದೂರ ತಂದಿತು, ಇದನ್ನು ಸುಮ್ನೆ ಅಲ್ಲಗಳೆಯಲಾಗದು.

ಈಗ ಔಷಧಿಯ ಬಾಟಲಿ ಕೈಗೆತ್ತಿಕೊಳ್ಳಿ. ಆಸ್ಪತ್ರೆಯವರು ಎಎಸ್‌ವಿ ಅನ್ನುವ ಪ್ರತಿವಿಷ, ನೀರು ಬೆರೆಸಿ ಕೊಡುವ ಬಿಳಿ ಪುಡಿ. ಅದರ ಚೀಟಿಯ ಮೇಲೆ ನಾಲ್ಕು ಹಾವುಗಳ ಹೆಸರಿರುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇವಕ್ಕೆ ‘ಬಿಗ್ ಫೋರ್’ ಅಂತ ಹೆಸರು. ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವುದು ಇವೇ ಅಂತ ದಶಕಗಳ ಹಿಂದೆಯೇ ಗಟ್ಟಿಯಾಗಿ ಕೂತುಬಿಟ್ಟ ಪರಿಕಲ್ಪನೆ. ಈ ಔಷಧಿ ಮಾಡಲು ಕುದುರೆಗೆ ಚುಚ್ಚುವ ವಿಷ ಈ ನಾಲ್ಕರದ್ದು. ಆ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ.

ಕೊಡಗಿನ ತೋಟದಲ್ಲಿ ನಿಂತು ಈ ಚೀಟಿ ಓದಿ. ಗರಗಸ ಮಂಡಲ ಒಣನೆಲದ ಹಾವು. ನಮ್ಮ ಮಳೆಯ ತೋಟಗಳು ಅದರ ಜಾಗವಲ್ಲ. ನಮ್ಮ ತರಗೆಲೆಯ ಕೆಳಗೆ ಮಲಗುವುದು ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಮೂತಿ ಮೇಲಕ್ಕೆ ಎತ್ತಿದ ಕಂದು ಹಾವು, ಇಂಗ್ಲಿಷಿನಲ್ಲಿ ‘ಹಂಪ್-ನೋಸ್ಡ್ ಪಿಟ್ ವೈಪರ್’. ಕಾಫಿ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುವ ಕೈಗೆ, ಚಪ್ಪಲಿಯಿಲ್ಲದ ಕಾಲಿಗೆ ಅದು ಸಿಗುತ್ತದೆ. ಕಡಿದರೆ ಊತ, ರಕ್ತ ಹೆಪ್ಪುಗಟ್ಟದಿರುವುದು, ಕೆಲವರಿಗೆ ಕಿಡ್ನಿ ಹೊಡೆತ. ಚೀಟಿಯ ನಾಲ್ಕರಲ್ಲಿ ಇದಿಲ್ಲ. ಬಾಟಲಿಯಲ್ಲಿರುವುದು ಇದಕ್ಕೆ ಕೆಲಸ ಮಾಡುವುದಿಲ್ಲ. ಕಾಳಿಂಗ ಸರ್ಪವೂ ಆ ನಾಲ್ಕರಲ್ಲಿಲ್ಲ, ಅದರ ಕಡಿತ ಅಪರೂಪ ಅನ್ನುವುದು ನಮ್ಮ ಪುಣ್ಯ. ತರಗೆಲೆಯ ಆ ಪುಟ್ಟ ಹಾವು ಕಡಿದವನಿಗೆ, ಕೊಳಕುಮಂಡಲದ ಮರಿ ಇರಬಹುದು ಅಂತ ಬಾಟಲಿ ಮೇಲೆ ಬಾಟಲಿ ಏರಿಸುವುದೂ ಆಗಬಹುದು. ಕುದುರೆಯ ರಕ್ತದಿಂದ ಮಾಡಿದ ಔಷಧಿ ಅದು, ಅದರದ್ದೇ ಅಲರ್ಜಿ ಇದೆ.

ವೈದ್ಯರ ತಪ್ಪು ಇದರಲ್ಲಿ ಕಡಿಮೆ. ‘ಬಿಗ್ ಫೋರ್’ ಸುಳ್ಳೂ ಅಲ್ಲ. ಇಡೀ ದೇಶದ ಸರಾಸರಿ ಹಿಡಿದರೆ ಅದು ಸರಿಯೇ. ಆದರೆ ದೇಶದ ಸರಾಸರಿಗೆ ಇಟ್ಟ ಹೆಸರು ಕಾರ್ಖಾನೆ, ಟೆಂಡರು, ಪಠ್ಯಪುಸ್ತಕ ಎಲ್ಲದರೊಳಗೂ ಕೂತ ಮೇಲೆ ಐದನೇ ಹಾವು ‘ಇತರೆ’ ಆಯಿತು. ಜಗತ್ತಿನ ಮಟ್ಟದಲ್ಲಿ ‘ಇತರೆ’ಯಿಂದ ಹೊರಬಂದ ಹಾವು ಕಡಿತದ ಒಳಗೇ ಇನ್ನೊಂದು ‘ಇತರೆ’.

ಪದ ಕೂಲಿಯನ್ನೂ ತೀರ್ಮಾನಿಸುತ್ತದೆ. ಆಶಾ ವ್ಯವಸ್ಥೆ ಬಂದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಕಾಗದದಲ್ಲಿ ಅವರು ಸ್ವಯಂಸೇವಕರು. ಕನ್ನಡದಲ್ಲಿ ‘ಕಾರ್ಯಕರ್ತೆ’, ಪಕ್ಷದ ಕಾರ್ಯಕರ್ತರ ಹಾಗೆ. ಅವರಿಗೆ ಸಿಗುವುದು ಸಂಬಳವಲ್ಲ, ‘ಪ್ರೋತ್ಸಾಹಧನ’ ಮತ್ತು ‘ಗೌರವಧನ’. ಸಂಬಳ ಅಂದರೆ ಕನಿಷ್ಠ ವೇತನ, ರಜೆ, ಪಿಎಫ್ ಎಲ್ಲ ಹಿಂದೆಯೇ ಬರುತ್ತವೆ. ಗೌರವಕ್ಕೆ ಕನಿಷ್ಠ ಅಂತ ಇಲ್ಲವಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರು ಅಂತ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿದ ಮೇಲೆ ಎದ್ದರು. ಅದೂ ಗೌರವಧನದ ಹೆಸರಿನಲ್ಲೇ. ನನ್ನ ಜೊತೆ ಬಂದಿದ್ದ ಆಶಾ ಅಕ್ಕನೂ ಅಲ್ಲಿಗೆ ಹೋಗಿದ್ದರಂತೆ. "ನಾಯಕರು ಅಂದ್ರು ಸಾರ್, ಬಸ್ ಚಾರ್ಜ್ ನಾವೇ ಹಾಕ್ಕೊಂಡ್ವಿ" ಅಂತ ನಕ್ಕರು.

ಇದೆಲ್ಲ ಬರೀ ಪದದ ಜಗಳ ಅನ್ನುವವರು ಜಿನೀವಾದ ಮೇಜಿನ ಸುತ್ತ ಕೂತವರನ್ನು ನೋಡಬೇಕು. ಪದಕ್ಕಾಗಿ ಅವರಷ್ಟು ಗುದ್ದಾಡುವವರು ಬೇರೆ ಇಲ್ಲ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ಲಸಿಕೆ-ಔಷಧಿಗಳ ಪೇಟೆಂಟ್ ಹಕ್ಕನ್ನು ಸದ್ಯಕ್ಕೆ ಸಡಿಲಿಸಿ ಅಂತ ಭಾರತ ಮತ್ತು ದಕ್ಷಿಣ ಆಫ್ರಿಕಾ ಕೇಳಿದ್ದವು. ಆ ಅನುಭವದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ದೇಶಗಳ ನಡುವೆ ಸಾಂಕ್ರಾಮಿಕ ಒಪ್ಪಂದದ ಮಾತುಕತೆ ಕಾವೇರಿತು. ಮೂರು ವರ್ಷಕ್ಕೂ ಹೆಚ್ಚು ಎಳೆದಾಡಿ 2025ರ ಮೇ 20ರಂದು ಒಪ್ಪಂದ ಪಾಸಾಯಿತು. ಔಷಧಿ ಮಾಡುವ ತಂತ್ರಜ್ಞಾನವನ್ನು ಬಡ ದೇಶಗಳಿಗೆ ದಾಟಿಸುವ ಕಡೆ ದೊಡ್ಡ ಜಗಳ ಆದದ್ದು ‘ಪರಸ್ಪರ ಒಪ್ಪಿದಂತೆ’ ಅನ್ನುವ ಮಾತಿಗೆ. ಆ ಮಾತು ಉಳಿಯಿತು. ಅಂದರೆ ಕೊಡುವವನಿಗೆ ಇಷ್ಟವಿದ್ದರೆ ಕೊಡಬಹುದು. ಎರಡೇ ಎರಡು ಪದ, ಒಂದು ಇಡೀ ಬಾಧ್ಯತೆ ಹೋಯಿತು. ಅಲ್ಲಿ ವಕೀಲರ ಪಡೆ ಇರುತ್ತದೆ, ಅಲ್ಪವಿರಾಮಕ್ಕೂ ಚೌಕಾಸಿ ನಡೆಯುತ್ತದೆ. ನಮ್ಮ ಕನ್ನಡದ ಫಾರಂಗಳ ಪದಗಳನ್ನು ಮಾತ್ರ ಯಾರೋ ಒಬ್ಬರು, ಪುಟಕ್ಕೆ ಇಷ್ಟು ಅಂತ ತೆಗೆದುಕೊಂಡು, ನಾಳೆ ಬೆಳಿಗ್ಗೆಯೊಳಗೆ ಅನುವಾದ ಮಾಡುತ್ತಾರೆ. ಯಾರು ಅಂತ ಹೇಳಬೇಕಾಗಿಲ್ಲ. ಆಮೇಲೆ ಆಶಾ ಅಕ್ಕ ಅದನ್ನು ಎರವ ಆದಿವಾಸಿಗಳ ಮಾತಿಗೋ ಜೇನು ಕುರುಬರ ಜೇನುನುಡಿಗೋ ನಿಂತಲ್ಲೇ ತಿರುಗಿಸುತ್ತಾರೆ. ಆ ಅನುವಾದಕ್ಕೆ ದುಡ್ಡೂ ಇಲ್ಲ.

ಸಿದ್ದಾಪುರದ ಆ ಮಗುವಿನ ವಿಷಯ. ಫೆಬ್ರವರಿಯಲ್ಲಿ ಆಶಾ ಅಕ್ಕ ಮತ್ತೆ ಹೋದಾಗ ‘ಇತರೆ’ಗೆ ಟಿಕ್ ಹಾಕಿ ಪಕ್ಕದ ಅಂಚಿನಲ್ಲಿ ಪೆನ್ನಿನಿಂದ ಬರೆದರು: ‘ಕೊಯ್ಲು ಇದೆ. ಕೂಲಿ ಹೋಗುತ್ತದೆ. ಸಂಜೆ ಬಂದರೆ ಹಾಕಿಸುತ್ತಾರೆ.’ ಆಮೇಲೆ ಅದನ್ನು ಮೊಬೈಲಿನಲ್ಲಿ ತುಂಬಿಸಲು ಕೂತರು. ‘ಇತರೆ’ ಒತ್ತಿದರೆ ಮುಂದಿನ ಪುಟ ಬಂತು. ಬರೆಯಲು ಜಾಗ ಇರಲಿಲ್ಲ. ಕೊಯ್ಲು ಮುಗಿದು ಮಾರ್ಚಿನಲ್ಲಿ ತಾಯಿಯೇ ಮಗುವನ್ನು ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದಳು. ಜನವರಿಯ ಟಿಕ್ ಇನ್ನೂ ಇತ್ತಲ್ಲ, ಆ ತಿಂಗಳ ವರದಿಯಲ್ಲಿ ಅವಳ ಹೆಸರು ‘ವಲಸೆಯಿಂದ ಮರಳಿದವರು’ ಪಟ್ಟಿಯಲ್ಲಿದೆ.